ಒಂದು ಬೋರ್ಡು, ಮೂರು ಲಿಪಿ: ಗಡಿನಾಡ ವಿನ್ಯಾಸ ತಂಡದ ಓದು ಮತ್ತು ಆಲಿಕೆ

ಕಾಸರಗೋಡು ಪೇಟೆಯಲ್ಲಿ ಅಂಗಡಿಯ ಬೋರ್ಡು ಅಂದರೆ ಮಲಯಾಳ, ಕನ್ನಡ, ಇಂಗ್ಲಿಷ್ ಮೂರೂ ಒಂದೇ ಚೌಕಟ್ಟಿನಲ್ಲಿ ಕೂರಬೇಕು. ಮಲಯಾಳದ ಅಕ್ಷರ ಅಗಲಕ್ಕೆ ಹರಡುತ್ತದೆ, ಕನ್ನಡದ ಒತ್ತು ಕೆಳಕ್ಕೆ ಇಳಿಯುತ್ತದೆ, ಇಂಗ್ಲಿಷ್ ಎರಡರ ಗೊಡವೆಯೂ ಇಲ್ಲದೆ ಸಪಾಟಾಗಿ ನಿಲ್ಲುತ್ತದೆ. ಹೊರಗೆ ಮೆಚ್ಚುಗೆ ಪಡೆದ ಡಿಸೈನ್ ಪುಸ್ತಕಗಳಲ್ಲಿ ಹೆಚ್ಚಿನವು ಆ ಮೂರನೆಯದಕ್ಕೆ ಮಾತ್ರ ಬರೆದವು. ಹಾಗಾಗಿ ‘ನಿಮ್ಮ ತಂಡ ಏನು ಓದುತ್ತದೆ, ಏನು ಕೇಳುತ್ತದೆ’ ಎಂದು ಊರಿನವರು ಕೇಳಿದರೆ ಇಲ್ಲಿಯ ಪಟ್ಟಿ ಸ್ವಲ್ಪ ಬೇರೆ. ಓದಿದ್ದನ್ನು ಒತ್ತಕ್ಷರದ ಮೇಲೆ ಹಾಕಿ ನೋಡದೆ ನಾವು ನಂಬುವುದಿಲ್ಲ.

ಮೊದಲ ಪುಸ್ತಕ ಡಿಸೈನಿನದ್ದೇ ಅಲ್ಲ, ನಿಘಂಟು. ಗುಂಡರ್ಟರ ಮಲಯಾಳ-ಇಂಗ್ಲಿಷ್ ನಿಘಂಟು 1872ರಲ್ಲಿ ಬಂತು, ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ. ಎರಡನ್ನೂ ಹೊರತಂದದ್ದು ಮಂಗಳೂರಿನ ಬಾಸೆಲ್ ಮಿಶನ್, ಇಲ್ಲಿಂದ ಸುಮಾರು 50 ಕಿಲೋಮೀಟರ್ ದೂರ. ನಮ್ಮ ಎರಡು ಲಿಪಿಗಳ ಅಚ್ಚಿನ ಪಾಠ ಇಷ್ಟು ಹತ್ತಿರ ಇರುವಾಗ ದೂರ ಹುಡುಕುವುದು ಯಾಕೆ? ಎರಡರ ಸ್ಕ್ಯಾನ್ ಪ್ರತಿಯೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಒಂದೊಂದು ಪುಟ ಆರಿಸಿ, ಒಂದು ಭಾಗವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಯಿರಿ. ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ನಾಲ್ಕು ಗೆರೆ ಎಳೆಯಿರಿ: ಗುಡಿಸಿನ ತುದಿ, ತಲೆಕಟ್ಟು (ಮಲಯಾಳದಲ್ಲಿ ಅಕ್ಷರದ ತಲೆ), ಅಕ್ಷರದ ಬುಡ, ಒತ್ತಿನ ಬುಡ. ನೀವು ದಿನಾ ಬಳಸುವ ಫಾಂಟಿನಲ್ಲೂ ಅದೇ ಪದವನ್ನು ಅದೇ ಎತ್ತರಕ್ಕೆ ಹೊಂದಿಸಿ ಅಳೆಯಿರಿ. ಒತ್ತಿಗೆ ಎಷ್ಟು ಜಾಗ ಸಿಕ್ಕಿದೆ, ಎಷ್ಟು ಕುಗ್ಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಹೊಸದಾಗಿ ತಂಡಕ್ಕೆ ಸೇರಿದವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಇನ್ನೊಂದಿಲ್ಲ.

ರಾಬರ್ಟ್ ಬ್ರಿಂಗ್‌ಹರ್ಸ್ಟ್ ಅವರ ಅಕ್ಷರವಿನ್ಯಾಸದ ಪುಸ್ತಕ 1992ರದ್ದು. ಒಂದು ಸಾಲಿಗೆ 45ರಿಂದ 75 ಅಕ್ಷರ ಇದ್ದರೆ ಓದಲು ಹಿತ ಎಂಬ ಅದರ ಅಳತೆಯನ್ನು ಎಲ್ಲರೂ ಹೇಳುತ್ತಾರೆ. ಕನ್ನಡಕ್ಕೆ ಅದನ್ನು ಹಾಗೆಯೇ ಹಚ್ಚಿದರೆ ಸಾಲು ಉದ್ದವಾಗಿ, ಮುಂದಿನ ಸಾಲಿನ ತಲೆ ಹುಡುಕಲು ಕಣ್ಣು ಪರದಾಡುತ್ತದೆ. ನಮ್ಮ ಒಂದು ಅಕ್ಷರದಲ್ಲಿ ವ್ಯಂಜನ, ಸ್ವರ, ಕೆಲವೊಮ್ಮೆ ಎರಡು ಒತ್ತು ಸೇರಿರುತ್ತವೆ. ಪದ ಲೆಕ್ಕ ಹಾಕುವುದು ವಾಸಿ: ಸಾಲಿಗೆ 7ರಿಂದ 9 ಪದ. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗೆ ಅಕ್ಷರದ ಗಾತ್ರದ ಶೇ. 120 ಸಾಕಾದರೆ ಕನ್ನಡಕ್ಕೆ ಶೇ. 150ರಿಂದ ಶುರು ಮಾಡಿ. ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣ ಇದಕ್ಕೆ ದೊಡ್ಡ ಪರೀಕ್ಷೆ. ಬ್ರಹ್ಮಶ್ರೀ, ತಂತ್ರಿ, ಮೊಕ್ತೇಸರ, ಕಾರ್ಯಾಧ್ಯಕ್ಷ ಎಂದು ಪ್ರತಿ ಸಾಲಿನಲ್ಲೂ ಒತ್ತು, ಕೆಳಗಿನ ಸಾಲಿನಲ್ಲಿ ಗುಡಿಸು. ಮೇಲೆ ‘ರಾಷ್ಟ್ರ’, ಕೆಳಗೆ ನೇರಕ್ಕೆ ‘ಕೀರ್ತಿ’ ಟೈಪಿಸಿ ನೋಡಿ. ಎರಡೂ ತಾಗದಿದ್ದರೆ ಆ ಅಂತರ ನಿಲ್ಲುತ್ತದೆ. ಪುಟ ಉಳಿಸಬೇಕೆಂದು ಅಂತರ ಬಿಗಿಮಾಡಬೇಡಿ, ಅಕ್ಷರವನ್ನೇ ಅರ್ಧ ಪಾಯಿಂಟ್ ಇಳಿಸಿ.

ಅಮೆರಿಕದ ವಿನ್ಯಾಸಗಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರಕಾರಕ್ಕೆ 1958ರಲ್ಲಿ ಕೊಟ್ಟ ವರದಿಯೂ ಎಲ್ಲರೂ ಓದಬೇಕಾದದ್ದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಅದರ ಹಿನ್ನೆಲೆಯಲ್ಲಿ. ಸಣ್ಣ ಬರಹ, ಒಂದು ಸಂಜೆಗೆ ಮುಗಿಯುತ್ತದೆ. ನಮ್ಮ ಚೊಂಬನ್ನು ಹಿಡಿದು ಅವರು ಕೇಳುವ ಪ್ರಶ್ನೆಗಳೇ ಅದರ ಜೀವ: ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ತೂಕ ಎಲ್ಲಿ ಕೂರುತ್ತದೆ, ಸುರಿಯುವಾಗ ಹೇಗೆ, ತೊಳೆಯುವಾಗ ಹೇಗೆ, ಬೆಲೆ ಎಷ್ಟು. ಓದಿ ಮುಚ್ಚಿಟ್ಟರೆ ಏನೂ ದಕ್ಕದು. ಅದೇ ಪ್ರಶ್ನೆಗಳನ್ನು ಅಡಿಕೆ ಹಾಳೆಯ ಟೊಪ್ಪಿ, ನಮ್ಮ ಮುಟ್ಟಾಳೆಗೆ ಕೇಳಿ. ಹಾಳೆಯನ್ನು ನೀರಿನಲ್ಲಿ ನೆನೆಸುವುದು ಯಾಕೆ? ಒಣ ಹಾಳೆ ಮಡಚಿದಲ್ಲಿ ಸೀಳುತ್ತದೆ. ಮಡಿಕೆ ಎಲ್ಲಿ ಬರುತ್ತದೆ, ಹೊಲಿಗೆ ಎಷ್ಟು ಕಡೆ, ತಲೆಹೊರೆ ಇಟ್ಟಾಗ ಭಾರ ಎಲ್ಲಿಗೆ ಇಳಿಯುತ್ತದೆ, ಬೆವರು ಎಲ್ಲಿ ಹೋಗುತ್ತದೆ? ಒಬ್ಬೊಬ್ಬರು 20 ಪ್ರಶ್ನೆ ಬರೆದ ಮೇಲೆ ಪೆನ್ಸಿಲ್ ಹಿಡಿಯಲಿ. ಪ್ಯಾಕಿಂಗ್ ಡಬ್ಬ ಮಾಡುವ ದಿನ ಈ ಅಭ್ಯಾಸ ಕೈಹಿಡಿಯುತ್ತದೆ.

ಪಾಡ್‌ಕಾಸ್ಟ್ ವಿಚಾರ ಬೇಗ ಮುಗಿಸಬಹುದು. ‘99% ಇನ್ವಿಸಿಬಲ್’ 2010ರಿಂದ ಬರುತ್ತಿದೆ. ಕಣ್ಣಿಗೆ ಬಿದ್ದರೂ ಗಮನಕ್ಕೆ ಬಾರದ ವಸ್ತುಗಳ ಹಿಂದಿನ ವಿನ್ಯಾಸವೇ ಅದರ ವಿಷಯ. ಭಾರತದ ವಿನ್ಯಾಸಗಾರರ ಮಾತು ಬೇಕಾದರೆ ‘ಆಡಿಯೋಜ್ಞಾನ್’ ಇದೆ. ಇಡೀ ತಂಡ ಒಟ್ಟಿಗೆ ಕೂತು ಕೇಳಬೇಕಾಗಿಲ್ಲ. ವಾರಕ್ಕೆ ಒಬ್ಬರು ಒಂದು ಕಂತು ಕೇಳಿ ಐದು ಸಾಲು ಬರೆಯಲಿ, ಆದರೆ ಕನ್ನಡದಲ್ಲಿ. ಕನ್ನಡದಲ್ಲಿ ಬರೆಯಲು ಹೊರಟಾಗಲೇ ಅರ್ಥವಾಗದೆ ತಲೆಯಾಡಿಸಿದ್ದು ಯಾವುದು ಎಂದು ಗೊತ್ತಾಗುವುದು.

ಕೇಳ್ಮೆಯಲ್ಲಿ ನಮಗೆ ನಿಜವಾಗಿ ಹೆಚ್ಚು ಕಲಿಸುವುದು ತಾಳಮದ್ದಳೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ, ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರಿಗೆ ಅಂಟಿದ ಶೇಣಿ, ಎರಡೂ ಈ ಜಿಲ್ಲೆಯವೇ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅಲ್ಲೇ ಮಾತು ಕಟ್ಟುತ್ತಾನೆ, ಎದುರಿನವನು ಅದನ್ನು ಖಂಡಿಸುತ್ತಾನೆ. ಎಷ್ಟು ದೂರ ಹೋದರೂ ಪದ್ಯದ ಆಶಯ ಬಿಟ್ಟು ಹೋಗುವಂತಿಲ್ಲ. ಡಿಸೈನ್ ವಿಮರ್ಶೆ ಹಾಳಾಗುವುದು ಇದೇ ಕಟ್ಟು ಇಲ್ಲದೆ. ‘ನೀಲಿ ನನಗೆ ಹಿಡಿಸಲಿಲ್ಲ’ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಹೀಗೆ ಮಾಡಿ: ಒಬ್ಬರು ಭಾಗವತರಂತೆ ಗಿರಾಕಿಯ ಬೇಡಿಕೆಯಿಂದ ಒಂದೇ ಸಾಲು ಓದಲಿ, ‘ಬಸ್ಸಿನಿಂದ ನೋಡಿದರೂ ಹೆಸರು ತಿಳಿಯಬೇಕು’ ಎಂಬಂಥದ್ದು. ಡಿಸೈನ್ ಮಾಡಿದವರಿಗೆ ಮೂರು ನಿಮಿಷ, ಗಿರಾಕಿಯ ಪರ ವಾದಿಸುವವರಿಗೆ ಮೂರು ನಿಮಿಷ. ಆಮೇಲೆ ಪಾತ್ರ ಅದಲುಬದಲು. ಓದಿದ ಸಾಲಿಗೆ ಹೊರತಾದ ಮಾತು ಬಂದರೆ ಭಾಗವತರು ಅದೇ ಸಾಲನ್ನು ಮತ್ತೆ ಓದಬೇಕು. ಹಿರಿಯರ ಕೆಲಸವನ್ನು ಕಿರಿಯರು ಅಂಜದೆ ಪ್ರಶ್ನಿಸಲು ಇದರಿಂದ ದಾರಿಯಾಗುತ್ತದೆ. ಆಡುವುದು ಪಾತ್ರದ ಮಾತಲ್ಲವೇ.

ಕೆಲಸದ ಹೊತ್ತಿನ ಸಂಗೀತಕ್ಕೆ ಒಂದೇ ಎಚ್ಚರ. ಪ್ರೂಫ್ ನೋಡುವಾಗ ಸಾಹಿತ್ಯ ಇರುವ ಹಾಡು ಬೇಡ, ಅದರಲ್ಲೂ ಅರ್ಥವಾಗುವ ಭಾಷೆಯದ್ದು ಬೇಡವೇ ಬೇಡ. ಕಿವಿಯ ಪದ ಕಣ್ಣಿನ ಪದಕ್ಕೆ ಅಡ್ಡ ಬರುತ್ತದೆ. ಕೊಳಲು, ವೀಣೆ ಸಾಕು. ಬಣ್ಣ ತುಂಬುವಾಗ, ಫೋಟೋ ಕತ್ತರಿಸುವಾಗ ಚೆಂಡೆಯೂ ಇರಲಿ.

ಕೋರ್ಸು ಬೇಕೆನ್ನುವವರು ಮೊದಲು ಐಐಟಿ ಬಾಂಬೆಯ ಮುಂದಾಳ್ತನದ ವಿನ್ಯಾಸ ಕಲಿಕೆಯ ಜಾಲತಾಣ ‘ಡಿ’ಸೋರ್ಸ್’ ನೋಡಲಿ, ಪಾಠಗಳು ಉಚಿತ. ಸರ್ಟಿಫಿಕೇಟ್ ಬೇಕಾದರೆ ಐಐಟಿಗಳ ಆನ್‌ಲೈನ್ ಪಾಠಗಳ ಎನ್‌ಪಿಟೆಲ್: ಕಲಿಯಲು ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಅಂತಿಮ ಅಂಕದಲ್ಲಿ ಪರೀಕ್ಷೆಗೆ 75, ವಾರದ ಅಸೈನ್‌ಮೆಂಟ್‌ಗಳಿಗೆ 25. ಸೋಲುವುದು ಸಾಮಾನ್ಯವಾಗಿ ಮೂರನೇ, ನಾಲ್ಕನೇ ವಾರದಲ್ಲಿ, ಪ್ರೆಸ್ಸಿನ ಕೆಲಸ ಮೈಮೇಲೆ ಬಿದ್ದಾಗ. ಜಾತ್ರೆ, ಕಲಶೋತ್ಸವಗಳ ತಿಂಗಳು ಬಿಟ್ಟು ಮಳೆಗಾಲದ ಕಂತಿಗೆ ಹೆಸರು ಕೊಡಿ.

ಆದರೆ ಇಲ್ಲಿಯ ಕೆಲಸಕ್ಕೆ ಬೇಕಾದ ಕೆಲವು ಪಾಠ ಯಾವ ಕೋರ್ಸಿನಲ್ಲೂ ಇಲ್ಲ, ತಂಡದೊಳಗೇ ಹೇಳಿಕೊಡಬೇಕು. ಇಲಸ್ಟ್ರೇಟರ್‌ನಲ್ಲಿ ಒತ್ತು ಬಿಡಿಬಿಡಿಯಾದರೆ ಫಾಂಟನ್ನು ಬಯ್ಯಬೇಡಿ; ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆ ತೆರೆದು, ಪ್ಯಾರಾಗ್ರಾಫ್ ಫಲಕದಲ್ಲಿ ದಕ್ಷಿಣ ಏಷ್ಯಾದ ಕಂಪೋಸರ್ ಆರಿಸಿ. ಇನ್‌ಡಿಸೈನ್‌ನಲ್ಲಿ ಅದು ವರ್ಲ್ಡ್-ರೆಡಿ ಕಂಪೋಸರ್. ಹಳೆಯ ನುಡಿ ಫಾಂಟಿನಲ್ಲಿ ಬಂದ ಮ್ಯಾಟರನ್ನು ಯೂನಿಕೋಡಿಗೆ ತಿರುಗಿಸಿದ ಮೇಲೆ ಅರ್ಕಾವತ್ತನ್ನು ಒಂದೊಂದಾಗಿ ನೋಡಿ. ಕಣ್ಣಿಗೆ ಕಾಣದ ಎರಡು ಚಿಹ್ನೆಗಳು, ಅಕ್ಷರ ಬಿಡಿಸುವ ಜೆಡ್‌ಡಬ್ಲ್ಯುಎನ್‌ಜೆ (ZWNJ) ಮತ್ತು ಜೋಡಿಸುವ ಜೆಡ್‌ಡಬ್ಲ್ಯುಜೆ (ZWJ), ಕಾಪಿ-ಪೇಸ್ಟ್‌ನಲ್ಲಿ ಉದುರಿಹೋಗುತ್ತವೆ: ಆಗ ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ, ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ. ಎರಡನೆಯದನ್ನು ಸರಿಪಡಿಸಲು ರ ಆದ ಮೇಲೆ ಜೆಡ್‌ಡಬ್ಲ್ಯುಜೆ, ಆಮೇಲೆ ಹಲಂತ, ಆಮೇಲೆ ಯ.

ಮಲಯಾಳಕ್ಕೆ ಹಳೆ ಲಿಪಿ, ಹೊಸ ಲಿಪಿ ಎಂದು ಎರಡು ಬಗೆ ಇವೆ. 1971ರ ಸುಧಾರಣೆಯಲ್ಲಿ ಕೂಡಕ್ಷರಗಳನ್ನು ಬಿಡಿಸಿದರು, ಉಕಾರದ ಚಿಹ್ನೆ ಅಕ್ಷರದಿಂದ ಬೇರೆಯಾಯಿತು, ಸಾಲು ಉದ್ದವಾಯಿತು. ಮಂಜರಿಯಂಥ ಫಾಂಟು ಹಳೆ ಲಿಪಿಯದ್ದು. ಒಂದೇ ಬೋರ್ಡಿನಲ್ಲಿ ಎರಡೂ ಬೆರೆತರೆ ಮಲಯಾಳ ಓದುವವರಿಗೆ ಕೂಡಲೇ ಕಾಣುತ್ತದೆ, ನಮಗೆ ಕಾಣುವುದಿಲ್ಲ. ಅದಕ್ಕೇ ಮಲಯಾಳ ಓದಿ ಬೆಳೆದ ಒಬ್ಬರು ಪ್ರೂಫ್ ನೋಡಲೇಬೇಕು. ಮೂರೂ ಲಿಪಿ ಒಂದೇ ಮನೆಯ ಮಕ್ಕಳಂತೆ ಕಾಣಬೇಕಾದರೆ ಅನೇಕ್ ಫಾಂಟು ಬಳಸಿ, ಅಗಲವನ್ನೂ ದಪ್ಪವನ್ನೂ ಬೇಕಾದಂತೆ ಹೊಂದಿಸಬಹುದು. ಬಾಲೂ ಫಾಂಟಿನ ಕುಟುಂಬದಲ್ಲಿ ಕನ್ನಡದ್ದು ‘ತಮ್ಮ’, ಮಲಯಾಳದ್ದು ‘ಚೇಟ್ಟನ್’. ಹೆಸರಿಗೂ ಅಣ್ಣತಮ್ಮಂದಿರೇ! ಪಾಯಿಂಟ್ ಗಾತ್ರ ಒಂದೇ ಇಟ್ಟ ಮಾತ್ರಕ್ಕೆ ಎತ್ತರ ಸಮವಾಗದು. ಎರಡೂ ಲಿಪಿಯ ‘ಕ’ವನ್ನು ಪಕ್ಕಪಕ್ಕ ಇಟ್ಟು, ಕಣ್ಣಿಗೆ ಸಮ ಕಾಣುವವರೆಗೆ ಒಂದನ್ನು ಹೆಚ್ಚಿಸಿ.

ಕಡೆಗೆ ಬೋರ್ಡಿನ ಒಂದು ಪದವನ್ನು ನಿಜವಾದ ಅಳತೆಯಲ್ಲಿ ಎ4 ಹಾಳೆಗಳಿಗೆ ಹಂಚಿ ಪ್ರಿಂಟ್ ತೆಗೆದು, ಅಂಟಿಸಿ, ಗೋಡೆಗೆ ಹಚ್ಚಿ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರ ಎಂಬ ಬೋರ್ಡಿನವರ ಲೆಕ್ಕದಲ್ಲಿ 50 ಅಡಿಗೆ 5 ಇಂಚು. ಕನ್ನಡದಲ್ಲಿ ಆ 5 ಇಂಚನ್ನು ಒತ್ತು ಬಿಟ್ಟು ಅಳೆಯಿರಿ. ಆಮೇಲೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಿಂತು ಓದಿ.