ಕೇಬಲ್ ಹಿಡಿದಾಗ ಕದಲಿದ ಗೆರೆ

2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಪುಟ್ಟ ಸಂವೇದಕವೊಂದಕ್ಕೆ ಆಂಟೆನಾ ವಿನ್ಯಾಸಗೊಳಿಸುವ ಹೊಣೆ ನನ್ನದಾಗಿತ್ತು. ಆ ಆವರ್ತನದ ತರಂಗದೂರ 125 ಮಿಲಿಮೀಟರ್. ನನಗೆ ಸಿಕ್ಕ ಜಾಗವಾದರೋ ಗ್ರೌಂಡನ್ನೂ (ಆಂಟೆನಾಗೆ ಆಧಾರವಾಗುವ ಲೋಹದ ಪದರ) ಸೇರಿಸಿ 6 ಮಿಲಿಮೀಟರ್ ತ್ರಿಜ್ಯದ ಗೋಳದೊಳಗೆ ಅಡಗುವಷ್ಟು. ಅರ್ಧ ತರಂಗದೂರದ ಪ್ಯಾಚ್ (ಚಪ್ಪಟೆ ಲೋಹದ ತುಣುಕಿನ ಆಂಟೆನಾ) ಅಲ್ಲಿ ಹಿಡಿಸುವುದು ಸಾಧ್ಯವಿರಲಿಲ್ಲವಾದ್ದರಿಂದ ಮೆಟಾಮಟೀರಿಯಲ್ ಟ್ರಾನ್ಸ್‌ಮಿಷನ್ ಲೈನನ್ನು, ಅಂದರೆ ಸಾಮಾನ್ಯ ಲೈನಿನಲ್ಲಿಲ್ಲದ ಗುಣ ಬರುವಂತೆ ರಚಿಸಿದ ಸಂಕೇತವಾಹಕ ಪಟ್ಟಿಯನ್ನು, ಆರಿಸಿಕೊಂಡೆ.

ಸಾಮಾನ್ಯ ಲೈನಿನಲ್ಲಿ ಸರಣಿಯಾಗಿ ಇಂಡಕ್ಟನ್ಸ್ (ಕಾಂತಕ್ಷೇತ್ರದಲ್ಲಿ ಶಕ್ತಿ ಹಿಡಿದಿಡುವ ಗುಣ) ಇರುತ್ತದೆ, ಗ್ರೌಂಡಿನ ಕಡೆಗೆ ಕಪಾಸಿಟನ್ಸ್ (ವಿದ್ಯುತ್ ಕ್ಷೇತ್ರದಲ್ಲಿ ಶಕ್ತಿ ಹಿಡಿದಿಡುವ ಗುಣ) ಇರುತ್ತದೆ. ಅದಕ್ಕೆ ಬೆರಳು ಹೆಣೆದಂತಿರುವ ಸರಣಿ ಕಪಾಸಿಟರನ್ನೂ ಗ್ರೌಂಡಿಗಿಳಿಯುವ ವಯಾ (ಸರ್ಕ್ಯೂಟ್ ಹಲಗೆಯನ್ನು ತೂರಿಹೋಗುವ ಲೋಹದ ಸಂಪರ್ಕ) ರೂಪದ ಇಂಡಕ್ಟರನ್ನೂ ಸೇರಿಸಿದರೆ, ಒಂದು ಆವರ್ತನದಲ್ಲಿ ಲೈನಿನುದ್ದಕ್ಕೂ ಫೇಸ್ (ಅಲೆಯ ಏರಿಳಿತದ ಹಂತ) ಬದಲಾಗದೆ ಅನುರಣನ ಏರ್ಪಡುತ್ತದೆ. ತುದಿ ತೆರೆದ ಲೈನಿನಲ್ಲಿ ಆ ಆವರ್ತನವನ್ನು ನಿರ್ಧರಿಸುವುದು ವಯಾದ ಇಂಡಕ್ಟನ್ಸ್ ಮತ್ತು ಗ್ರೌಂಡಿನ ಕಪಾಸಿಟನ್ಸ್, ಉದ್ದವಲ್ಲ. ಈ ಗುಣ ನನ್ನಲ್ಲಿ ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದರೆ ಅನುರಣಕವನ್ನು ಕುಗ್ಗಿಸಿದಷ್ಟು ಸುಲಭವಾಗಿ ವಿಕಿರಣವನ್ನು ಉಳಿಸಿಕೊಳ್ಳಲಾಗದು ಎಂಬುದನ್ನು ಆಗ ನಾನು ಮನಸ್ಸಿಗೆ ತಂದುಕೊಳ್ಳಲಿಲ್ಲ.

ಮೊದಲ ಮಾದರಿಯನ್ನು ನೆಟ್‌ವರ್ಕ್ ಅನಲೈಜರಿಗೆ ಜೋಡಿಸಿದಾಗ, ರಿಟರ್ನ್ ಲಾಸ್ 10 ಡೆಸಿಬೆಲ್‌ಗಿಂತ ಚೆನ್ನಾಗಿದ್ದ, ಅಂದರೆ ಕಳಿಸಿದ ಶಕ್ತಿಯ ಹತ್ತನೇ ಒಂದಕ್ಕಿಂತ ಕಡಿಮೆ ಹಿಂದಿರುಗಿದ, ಆವರ್ತನ ವ್ಯಾಪ್ತಿ 150 ಮೆಗಾಹರ್ಟ್ಸ್ ಇತ್ತು. ನಮಗೆ ಬೇಕಿದ್ದುದು 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ ಮಾತ್ರ. ಸಂತೋಷದಿಂದ ವರದಿಯನ್ನೂ ಬರೆದುಬಿಟ್ಟೆ. ಮರುದಿನ ಕನೆಕ್ಟರನ್ನು ಬಿಗಿ ಮಾಡಲೆಂದು ಕೇಬಲನ್ನು ಬೆರಳುಗಳಲ್ಲಿ ಹಿಡಿದಾಗ ಪರದೆಯ ಮೇಲೆ ಹಿಂದಿರುಗಿದ ಶಕ್ತಿಯನ್ನು ತೋರಿಸುವ ಗೆರೆಯ ತಗ್ಗು ಪಕ್ಕಕ್ಕೆ ಸರಿದು ಅರ್ಧಕ್ಕರ್ಧ ಮೇಲೆದ್ದಿತು. ಕೈಬಿಟ್ಟೊಡನೆ ಮೊದಲಿನಂತಾಯಿತು.

ವರದಿಗೆ ಮುನ್ನವೇ ಮಾಡಬೇಕಿದ್ದ ಲೆಕ್ಕವನ್ನು ಆಗ ಮಾಡಿದೆ. 1948ರಲ್ಲಿ ಚು ಎಂಬ ವಿಜ್ಞಾನಿ ಪುಟ್ಟ ಆಂಟೆನಾಗಳಿಗೆ ತೋರಿಸಿಕೊಟ್ಟ ಮಿತಿಯ ಪ್ರಕಾರ ಈ ಗಾತ್ರಕ್ಕೆ ಕ್ಯೂ ಮೌಲ್ಯ (ಹಿಡಿದಿಟ್ಟ ಶಕ್ತಿಗೂ ಹೊರಬಿಡುವ ಶಕ್ತಿಗೂ ಇರುವ ಅನುಪಾತ; ಅದು ಹೆಚ್ಚಿದಷ್ಟೂ ವ್ಯಾಪ್ತಿ ಕಿರಿದು) 40ರ ಆಸುಪಾಸಿಗಿಂತ ಕೆಳಗಿಳಿಯದು. ಅಂದರೆ ನಷ್ಟವಿಲ್ಲದ, ಒಂದೇ ಅನುರಣನದ ಆಂಟೆನಾಗೆ ದೊರೆಯುವ ವ್ಯಾಪ್ತಿ ಹೆಚ್ಚೆಂದರೆ 40 ಮೆಗಾಹರ್ಟ್ಸ್‌ನಷ್ಟು. 150 ಬಂದಿದೆಯೆಂದರೆ ಒಂದೋ ಶಕ್ತಿ ಹಲಗೆಯಲ್ಲಿ ಶಾಖವಾಗುತ್ತಿದೆ, ಇಲ್ಲವೇ ಕೇಬಲಿನ ಹೊರಮೈಯೇ ಆಂಟೆನಾ ಆಗಿದೆ. ನಮ್ಮಲ್ಲಿ ಎರಡೂ ನಡೆದಿದ್ದವು. ಹೊರಮೈಯ ವಿದ್ಯುತ್ತನ್ನು ತಡೆಯಲು ಕೇಬಲಿಗೆ ಕಾಲು ತರಂಗದೂರದ ಲೋಹದ ತೋಳು ತೊಡಿಸಿ, ವಿಕಿರಣವನ್ನು ತಡೆದು ನಷ್ಟವನ್ನು ಅಳೆಯುವ ವೀಲರ್ ವಿಧಾನದಂತೆ ಮಾದರಿಯ ಮೇಲೆ 20 ಮಿಲಿಮೀಟರ್ ತ್ರಿಜ್ಯದ ಲೋಹದ ಮುಚ್ಚಳ ಕವುಚಿದೆ. ವಿಕಿರಣಕ್ಕೆ ದಾರಿಯೇ ಇಲ್ಲದಿದ್ದರೂ ಗೆರೆ ಹೆಚ್ಚೇನೂ ಬದಲಾಗಲಿಲ್ಲ. ಒಳಹೋದ ಶಕ್ತಿಯ ಬಹುಪಾಲು ಮೊದಲಿನಿಂದಲೂ ಶಾಖವೇ ಆಗುತ್ತಿತ್ತು.

ವರದಿಯನ್ನು ಹಿಂಪಡೆದು, ಕಡಿಮೆ ನಷ್ಟದ ಹಲಗೆಯನ್ನೂ ದಪ್ಪನೆಯ ವಯಾವನ್ನೂ ಬಳಸಿದೆ. ಬ್ಯಾಟರಿಯ ಕಡೆಯ ಹಲಗೆಯನ್ನೂ ಗ್ರೌಂಡಾಗಿ ಬಿಟ್ಟುಕೊಡುವಂತೆ ಯಾಂತ್ರಿಕ ವಿಭಾಗದವರನ್ನು ಒಪ್ಪಿಸಲು ಎರಡು ವಾರ ಹಿಡಿಯಿತು. ಗ್ರೌಂಡ್ ಹಿಗ್ಗಿ ಚು ಮಿತಿ ಸಡಿಲಗೊಂಡಿದ್ದರಿಂದ ಹೊಸ ಮಾದರಿಯ ವ್ಯಾಪ್ತಿ 90 ಮೆಗಾಹರ್ಟ್ಸ್‌ಗಷ್ಟೇ ಇಳಿಯಿತು. ಮುಚ್ಚಳ ಕವುಚಿದರೆ ಗೆರೆ ಪೂರ್ತಿ ಬದಲಾಗುತ್ತಿತ್ತು, ಕೇಬಲ್ ಹಿಡಿದರೆ ಕದಲುತ್ತಿರಲಿಲ್ಲ.