ಹಳೆ ಕಿಟಕಿಯ ಸೀಸದ ಬಣ್ಣ: ನಾಲ್ಕು ದಿನದ ಕೆಲಸ

ದಿನ 1
ಮಗು ಮಲಗುವ ಕೋಣೆಯ ಕಿಟಕಿಯಿಂದಲೇ ಶುರು. ಕದ ತೆರೆದು ಮುಚ್ಚಿದಾಗಲೆಲ್ಲ ಮರಕ್ಕೆ ಮರ ಉಜ್ಜಿ ಬಣ್ಣ ಹಿಟ್ಟಾಗಿ ಉದುರುವ ಜಾಗ ಇದು. ಚೌಕಟ್ಟಿನ ಕೆಳಗಿನ ಪಟ್ಟಿಯಲ್ಲಿ ಪುಟ್ಟ ಹಲ್ಲಿನ ಗುರುತುಗಳೂ ಇವೆ. ನುಂಗಿದ ಸೀಸವನ್ನು ಎಳೆ ಮಕ್ಕಳ ಮೈ ದೊಡ್ಡವರಿಗಿಂತ 4–5 ಪಟ್ಟು ಹೆಚ್ಚು ಹೀರುತ್ತದೆ, ಆದ್ದರಿಂದ ಇದನ್ನು ಮುಂದೂಡುವಂತಿಲ್ಲ.

ಸೀಸ ಪತ್ತೆಹಚ್ಚುವ ಪರೀಕ್ಷಾ ಕಡ್ಡಿಯನ್ನು ಮೇಲ್ಪದರಕ್ಕೆ ಉಜ್ಜಿದಾಗ ಏನೂ ಕಾಣಲಿಲ್ಲ. ಅದನ್ನು ನಂಬಬಾರದು. ಮರ ಕಾಣುವವರೆಗೆ ಬ್ಲೇಡಿನಿಂದ ಓರೆಯಾಗಿ ಕೊಯ್ದು ಎಲ್ಲ ಪದರಗಳ ಅಂಚಿಗೂ ತಾಗಿಸಿದ ಮೇಲೆ ತಳದ ಎರಡು ಪದರ ಗುಲಾಬಿಗೆ ತಿರುಗಿದವು, ಅಂದರೆ ಅಲ್ಲಿ ಸೀಸವಿದೆ. ಕೊಯ್ದ ಜಾಗಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಬಿದ್ದರೆ ಸೀಸವಿದ್ದರೂ ಕಡ್ಡಿ ತೋರಿಸದೇ ಹೋಗಬಹುದು.

ದಿನ 2
ಮಗು ಬೇರೆ ಮನೆಯಲ್ಲಿ. ಸಾಮಾನು ಹೊರಗೆ, ಫ್ಯಾನ್ ಬಂದ್. ಕಿಟಕಿಯಿಂದ 2 ಮೀಟರ್‌ವರೆಗೆ ನೆಲಕ್ಕೆ ದಪ್ಪ ಪ್ಲಾಸ್ಟಿಕ್, ಬಾಗಿಲಿಗೆ ಎರಡು ಪದರ.

ದಿನ 3
ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ, ಅಂಗೈಯಗಲ ಜಾಗಕ್ಕೆ ಚಿಮುಕಿಸುತ್ತ ಕೆರೆದಿದ್ದು. ಒಣ ಉಪ್ಪುಕಾಗದ, ಗ್ರೈಂಡರ್, ಬೆಂಕಿಯ ಜ್ವಾಲೆ ಯಾವುದೂ ಬೇಡವೇ ಬೇಡ. ಕಿತ್ತುಬಂದ ಚೂರಿಗಿಂತ ಕಣ್ಣಿಗೆ ಕಾಣದ ದೂಳೇ ಅಪಾಯ. ಹಾಗೆಂದು ನೀರು ಸುರಿದರೂ ಕಷ್ಟ: ಬಣ್ಣದ ರಾಡಿ ಸಂದಿಗೆ ಇಳಿದು ಒಣಗಿ ಮತ್ತೆ ದೂಳಾಗುತ್ತದೆ. ಹರಿಯುವ ಮೊದಲೇ ಕಾಗದದಿಂದ ಒರೆಸಿ ಚೀಲಕ್ಕೆ ಹಾಕಬೇಕು.

ಉಜ್ಜುವ ಅಂಚಿಗೆ ಬರೀ ಹೊಸ ಬಣ್ಣ ಬಳಿದರೆ ಬೇಗನೆ ಸವೆಯುತ್ತದೆ. ಕದ ಬಿಚ್ಚಿ, ಒದ್ದೆ ಮಾಡಿ, ಕೀಸುಳಿಯಿಂದ 2 ಮಿ.ಮೀ. ಇಳಿಸಿದೆವು. ಕದ, ಚೌಕಟ್ಟು ಈಗ ತಾಗುವುದಿಲ್ಲ.

ದಿನ 4
ಪ್ಲಾಸ್ಟಿಕ್ಕಿಗೆ ನೀರು ಚಿಮುಕಿಸಿ ಒಳಮುಖವಾಗಿ ಮಡಚಿದ್ದಾಯಿತು. ಮೇಲಿಂದ ಕೆಳಕ್ಕೆ ಹೆಪಾ ವ್ಯಾಕ್ಯೂಮ್ (ಅತಿ ನುಣ್ಣನೆ ದೂಳನ್ನೂ ಹಿಡಿದಿಡುವ ಫಿಲ್ಟರ್ ಇರುವುದು), ಆಮೇಲೆ ಎರಡು ಬಕೆಟ್ ಒರೆಸು (ಒಂದು ಸೋಪು ನೀರು, ಒಂದು ಹಿಂಡಲು), ಮತ್ತೆ ವ್ಯಾಕ್ಯೂಮ್. ಮಾಮೂಲಿ ವ್ಯಾಕ್ಯೂಮ್ ನುಣ್ಣನೆ ದೂಳನ್ನು ಹಿಂದಿನಿಂದ ಕೋಣೆಗೇ ಉಗುಳುತ್ತದೆ. ಕೆಲಸದ ಬಟ್ಟೆ ಬೇರೆಯಾಗಿ ಒಗೆದಿದ್ದು.

ಬಾಕಿ: ಪ್ರೈಮರ್, ಎರಡು ಕೋಟ್ ಬಣ್ಣ. ನೆಲ ಮತ್ತು ಕಿಟಕಿ ಪಟ್ಟಿಯ ದೂಳಿನ ಮಾದರಿ ಲ್ಯಾಬಿಗೆ ಹೋಗಿದೆ. ವರದಿ ಬರುವವರೆಗೆ ಮಗು ಈ ಕೋಣೆಗೆ ಬರುವಂತಿಲ್ಲ. ಮಗುವಿನ ರಕ್ತ ಪರೀಕ್ಷೆಯೂ ಆಗಬೇಕು. ಬೆರಳಿನ ರಕ್ತದಲ್ಲಿ ಸೀಸ ಹೆಚ್ಚು ಬಂದರೆ ರಕ್ತನಾಳದಿಂದ ತೆಗೆದು ಖಚಿತಪಡಿಸಿಕೊಳ್ಳಬೇಕು, ಬೆರಳಿಗೆ ಅಂಟಿದ ದೂಳೂ ಲೆಕ್ಕಕ್ಕೆ ಸೇರಿಬಿಡುತ್ತದೆ.