ನೆರೆ ಸಾಮಾನಿನ ಕೋಣೆ: ಹಗ್ಗ ರೆಡಿ, ಅನುದಾನ ಅರ್ಧ ದಾರಿಯಲ್ಲಿ

ಮಂಗಳೂರು ಹತ್ತಿರದ ಗುರುಪುರ ಹೊಳೆ ಬದಿಯ ನಮ್ಮ ವಾರ್ಡಿನಲ್ಲಿ ಯುವಕ ಮಂಡಲದವರು ಸೇರಿ ನೆರೆ ಬಂದಾಗ ಬೇಕಾಗುವ ಸಾಮಾನನ್ನು ಒಂದೇ ಕಡೆ ಇಡುವ ಕೆಲಸ ಶುರು ಮಾಡಿದ್ದೆವಲ್ಲ, ಅದು ಎಲ್ಲಿಗೆ ಬಂತು ಅಂತ ತುಂಬಾ ಜನ ಕೇಳುತ್ತಿದ್ದಾರೆ. ಕೋಣೆ ಸಿಕ್ಕಿದೆ. ಭಜನಾ ಮಂದಿರದ ಹಿಂದಿನ ಕೋಣೆ, ಎತ್ತರದ ಜಾಗ, ಹೊಳೆ ನೀರು ಎಷ್ಟು ಏರಿದರೂ ಅಲ್ಲಿವರೆಗೆ ಬಂದದ್ದಿಲ್ಲ. ಬೀಗದ ಕೈ ಮೂರು ಮನೆಯಲ್ಲಿ ಇಟ್ಟಿದ್ದೇವೆ. ದಾರಿ ಒಂದು ಕಡೆ ಮುಳುಗಿದರೂ ಇನ್ನೊಂದು ಕಡೆಯಿಂದ ಯಾರಾದರೂ ಬಂದು ಬಾಗಿಲು ತೆಗೆಯಬಹುದು.

ಹಗ್ಗಕ್ಕೆ ಬಂದರಿನಲ್ಲಿ ಮೀನುಗಾರಿಕೆ ಸಾಮಾನು ಮಾರುವ ಅಂಗಡಿಗೆ ಹೋಗಿದ್ದೆವು. ನೈಲಾನ್ ಹಗ್ಗ ಗಟ್ಟಿ, ಆದರೆ ನೀರಲ್ಲಿ ಮುಳುಗುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ. ನೀರಿಗೆ ಬಿದ್ದವರಿಗೆ ಎಸೆಯಲು ತೇಲುವುದೇ ಬೇಕು, ಕೆಂಪು ನೀರಿನಲ್ಲಿ ಕಣ್ಣಿಗೂ ಕಾಣಬೇಕು, ಅದಕ್ಕೆ ಹಳದಿಯದ್ದು ತಂದೆವು. ಇದನ್ನು ಸುರುಳಿ ಸುತ್ತಿ ಇಡಬಾರದು, ಎಸೆಯುವಾಗ ಸಿಕ್ಕು ಬೀಳುತ್ತದೆ. ಒಂದು ತುದಿಯನ್ನು ಚೀಲದ ತಳಕ್ಕೆ ಕಟ್ಟಿ, ಉಳಿದದ್ದನ್ನು ಸುಮ್ನೆ ಸ್ವಲ್ಪ ಸ್ವಲ್ಪವೇ ಒಳಗೆ ತುರುಕುತ್ತಾ ಹೋಗಬೇಕು. ಇನ್ನೊಂದು ತುದಿ ಹೊರಗೆ ಇರಲಿ. ಅದನ್ನು ಕೈಯಲ್ಲಿ ಹಿಡಿದು ಚೀಲವನ್ನೇ ಎಸೆದರೆ ಹಗ್ಗ ಹಾರುತ್ತಾ ತಾನೇ ಬಿಚ್ಚಿಕೊಳ್ಳುತ್ತದೆ. ಚೀಲ ಹೊಲಿದುಕೊಟ್ಟದ್ದು ನಮ್ಮ ಟೈಲರ್ ಅಕ್ಕ. ಒಳಗೆ ಒಂದು ಥರ್ಮಾಕೋಲ್ ತುಂಡು ಇದೆ, ಚೀಲವೂ ತೇಲಲಿ ಅಂತ. ಕೆರೆಯಲ್ಲಿ ಎಸೆದು ನೋಡಿದೆವು, ಹೈಸ್ಕೂಲ್ ಹುಡುಗಿಯರೂ ಆಚೆ ದಡಕ್ಕೆ ಮುಟ್ಟಿಸಿದರು. ನೋಡಿ ನಿಜಕ್ಕೂ ಖುಷಿಯಾಯಿತು.

ಮನೆ ಮನೆ ಪಟ್ಟಿಯೂ ಮುಗಿಯುತ್ತಾ ಬಂದಿದೆ. ಹಾಸಿಗೆ ಹಿಡಿದವರು ಯಾರು, ಡಯಾಲಿಸಿಸ್‌ಗೆ ಹೋಗುವವರು ಯಾರು, ಬಾಣಂತಿ ಇರುವ ಮನೆ ಯಾವುದು, ಇದೆಲ್ಲ ಬರೆದುಕೊಂಡೆವು. ದನಕರುವಿನ ಲೆಕ್ಕ ನಮ್ಮ ತಲೆಯಲ್ಲಿ ಇರಲೇ ಇಲ್ಲ, ಒಬ್ಬರು ಅಜ್ಜಿ "ಮಗಾ, ಹಟ್ಟಿಯಲ್ಲಿ ದನ ಕಟ್ಟಿ ಹಾಕಿ ನಾನೊಬ್ಬಳೇ ದೋಣಿ ಹತ್ತಲಾ?" ಅಂತ ಕೇಳಿದ ಮೇಲೆ ಅದಕ್ಕೂ ಒಂದು ಕಾಲಂ ಹಾಕಿದೆವು. ಈಗ ಗುಡ್ಡೆಯ ಮೇಲಿನ ಎರಡು ಮನೆಯವರು ತಮ್ಮ ಹಟ್ಟಿಯಲ್ಲಿ ಜಾಗ ಕೊಡಲು ಒಪ್ಪಿದ್ದಾರೆ. ಇಷ್ಟು ಕೆಲಸಕ್ಕೆ ಸರ್ಕಾರದ ದುಡ್ಡು ಬೇಕಾಗಲಿಲ್ಲ. ಲೈಫ್ ಜಾಕೆಟ್, ಮರ ಕೊಯ್ಯುವ ಮೆಷಿನ್, ಸ್ಟ್ರೆಚರ್, ದೊಡ್ಡ ಬ್ಯಾಟರಿ ಲೈಟ್ ಇವುಗಳಿಗೆ ಬೇಕೇ ಬೇಕು, ಪ್ರತಿ ಸಲ ಮನೆ ಮನೆ ಚಂದಾ ಎತ್ತಿ ನಡೆಸುವ ಕೆಲಸ ಇದಲ್ಲ.

ಅನುದಾನ ಕೇಳಲು ಹೋದಾಗ ಒಂದು ಕಚೇರಿಯಲ್ಲಿ "ಇದಕ್ಕೆ ಹೆಡ್ ಇಲ್ಲ" ಅಂದರು, ಅಂದರೆ ಇಂಥ ಖರ್ಚಿಗೆ ಬಜೆಟ್ಟಿನಲ್ಲಿ ಜಾಗವೇ ಇಲ್ಲ ಅಂತ. ಬೇಜಾರಾಯಿತು, ಆದರೆ ಆಮೇಲೆ ಕೂತು ಓದಿದೆವು. ಕೇಂದ್ರದ ದುಡ್ಡು ರಾಜ್ಯಗಳಿಗೆ, ಪಂಚಾಯತಿಗಳಿಗೆ ಹೇಗೆ ಹಂಚಬೇಕು ಅಂತ ಹೇಳುವ 15ನೇ ಹಣಕಾಸು ಆಯೋಗ 2021ರಿಂದ 2026ರ ಮಾರ್ಚ್ ತನಕ ಎಲ್ಲ ರಾಜ್ಯಗಳ ವಿಪತ್ತು ನಿರ್ವಹಣೆಗೆ 1,60,153 ಕೋಟಿ ರೂಪಾಯಿ ಲೆಕ್ಕ ಹಾಕಿತ್ತು. ನಮ್ಮಂಥ ರಾಜ್ಯಗಳಲ್ಲಿ ಅದರ 75 ಭಾಗ ಕೇಂದ್ರದ್ದು, 25 ಭಾಗ ರಾಜ್ಯದ್ದು. ನೂರು ರೂಪಾಯಿಯಲ್ಲಿ 40 ತುರ್ತು ಪರಿಹಾರಕ್ಕೆ, 30 ಮತ್ತೆ ಕಟ್ಟಿಕೊಳ್ಳುವುದಕ್ಕೆ, 20 ಅಪಾಯ ಕಡಿಮೆ ಮಾಡುವ ಕಾಮಗಾರಿಗೆ, 10 ಮುಂಚಿತ ತಯಾರಿಗೆ. ಅಂದರೆ ತಯಾರಿಗೆ ಅಂತಲೇ ದುಡ್ಡು ತೆಗೆದಿಟ್ಟಿದ್ದಾರೆ. ಮಳೆಗಾಲ ಬಂದರೆ ಡಿಸಿಯ ಪಿಡಿ ಖಾತೆಯಲ್ಲಿ, ಅಂದರೆ ಪರಿಹಾರದ ದುಡ್ಡು ಇಡುವ ಖಾತೆಯಲ್ಲಿ, ಇಷ್ಟು ಕೋಟಿ ಇದೆ ಅಂತ ಪೇಪರಿನಲ್ಲಿ ಓದುತ್ತೇವೆ. ಮನೆ ಬಿದ್ದವರಿಗೆ ಅದು ಸಿಗಲೇಬೇಕು. ಆದರೆ ಮಳೆಗೆ ಮೊದಲು ವಾರ್ಡಿಗೆ ಒಂದು ಸಣ್ಣ ಮೊತ್ತ ತಲುಪಿದರೆ ಎಷ್ಟೋ ಜೀವ ಉಳಿಯುತ್ತದೆ ಅಂತ ನನಗೆ ಬಲವಾಗಿ ಅನಿಸುತ್ತದೆ.

ನಮಗೆ ನಿಜವಾಗಿ ಕೆಲಸಕ್ಕೆ ಬಂದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಸೆಕ್ಷನ್. ಸ್ಥಳೀಯ ಸಂಸ್ಥೆ ತನ್ನ ಸಿಬ್ಬಂದಿಗೆ ತರಬೇತಿ ಕೊಡಿಸಬೇಕು, ವಿಪತ್ತಿಗೆ ಬೇಕಾದ ಸಾಮಾನು ತಕ್ಷಣ ಕೈಗೆ ಸಿಗುವ ಹಾಗೆ ಇಡಬೇಕು ಅಂತ ಅದರಲ್ಲಿದೆ. ಇದರ ಜೊತೆ ಪೌರರಕ್ಷಣಾ (ಸಿವಿಲ್ ಡಿಫೆನ್ಸ್) ಕಾಯ್ದೆಯನ್ನೂ ಓದಿದೆವು, ಅದು ಇನ್ನೂ ಹಳೆಯದು, 1968ರದ್ದು. ಯುದ್ಧದ ಕಾಲಕ್ಕೆ ಅಂತ ಮಾಡಿದ್ದು, 2009ರ ತಿದ್ದುಪಡಿಯಲ್ಲಿ ವಿಪತ್ತು ನಿರ್ವಹಣೆಯೂ ಸೇರಿತು. ಕಳೆದ ವರ್ಷ, 2025ರ ಮೇ 7ಕ್ಕೆ, 244 ಜಿಲ್ಲೆಗಳಲ್ಲಿ ಅಣಕು ಕಾರ್ಯಾಚರಣೆ ಅಂತ ಹೇಳಿದ್ದು ನೆನಪಿದೆ ಅಲ್ವಾ? ಅದಾದ ಎರಡು ದಿನಕ್ಕೆ ಕೇಂದ್ರ ಗೃಹ ಸಚಿವಾಲಯ ಎಲ್ಲ ರಾಜ್ಯಗಳಿಗೆ ಪತ್ರ ಬರೆದು ಈ ಕಾಯ್ದೆಯ 11ನೇ ಸೆಕ್ಷನ್ ನೆನಪಿಸಿತು. ಅದರ ಪ್ರಕಾರ ಪೌರರಕ್ಷಣೆಯ ಖರ್ಚಿಗೆ ಸ್ಥಳೀಯ ಸಂಸ್ಥೆಯ ನಿಧಿ ಬಳಸಬಹುದು, ಬೇರೆ ಕೆಲಸಕ್ಕಿಂತ ಇದಕ್ಕೆ ಆದ್ಯತೆ. ಆ ಪತ್ರ ಬಂದದ್ದು ಗಡಿಯಲ್ಲಿ ಗಲಾಟೆ ಇದ್ದ ಹೊತ್ತಿನಲ್ಲಿ, ನೆರೆಗೆ ಅಂತ ಬರೆದದ್ದಲ್ಲ, ಹಾಗಾಗಿ ಅರ್ಜಿಯಲ್ಲಿ ಅದನ್ನು ಹಾಕಲಿಲ್ಲ. 41ನೇ ಸೆಕ್ಷನ್ ಸಾಕಾಯಿತು.

ದುಡ್ಡು ಎಲ್ಲಿಂದ ಅಂತ ಕೇಳಿದಾಗ ದಾರಿ ತೋರಿಸಿದ್ದು ಪಂಚಾಯತ್ ಸದಸ್ಯೆಯೊಬ್ಬರು. 2026ರ ಮಾರ್ಚ್ ತನಕ ಪಂಚಾಯತಿಗೆ ಅಂತ ಇಟ್ಟ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು, ನೈರ್ಮಲ್ಯಕ್ಕೆ ಮೀಸಲು. ಉಳಿದ 40 ಅನ್‌ಟೈಡ್, ಅಂದರೆ ಇಂಥದ್ದಕ್ಕೇ ಅಂತ ಕಟ್ಟಿಹಾಕದ ದುಡ್ಡು. ಸಂಬಳಕ್ಕೆ, ಕಚೇರಿ ಖರ್ಚಿಗೆ ಬಳಸುವ ಹಾಗಿಲ್ಲ, ಊರಿನ ಅಗತ್ಯಕ್ಕೆ ಬಳಸಬಹುದು. ವಾರ್ಡ್ ಸಭೆಯಲ್ಲಿ ವಿಷಯ ಇಟ್ಟೆವು. ರಸ್ತೆ ಕಾಂಕ್ರೀಟ್ ಮೊದಲು ಆಗಲಿ ಅಂತ ಕೆಲವರು ಪಟ್ಟು ಹಿಡಿದರು. ಆಗ ಹಿರಿಯರೊಬ್ಬರು ಎದ್ದು 2010ರ ಮೇ 22ರ ವಿಷಯ ತೆಗೆದರು. ಕೆಂಜಾರಿನಲ್ಲಿ ವಿಮಾನ ಬಿದ್ದಾಗ ಎಲ್ಲರಿಗಿಂತ ಮೊದಲು ಓಡಿದ್ದು ಊರವರೇ, ಕೈಯಲ್ಲಿ ಏನೂ ಇರಲಿಲ್ಲ ಅಂದರು. ಅಲ್ಲಿಗೆ ಚರ್ಚೆ ನಿಂತಿತು. ನಿರ್ಣಯ ಆಯಿತು, ಕ್ರಿಯಾ ಯೋಜನೆಯಲ್ಲಿ ಲೈಫ್ ಜಾಕೆಟ್ ಮತ್ತು ಮರ ಕೊಯ್ಯುವ ಮೆಷಿನ್ ಸೇರಿದೆ. ಸ್ಟ್ರೆಚರ್ ಬಿಟ್ಟುಹೋಗಿದೆ, ಅದಕ್ಕೆ ಬೇರೆ ಅರ್ಜಿ ಕೊಟ್ಟಿದ್ದೇವೆ.

ಈಗ ತಲೆಬಿಸಿ ಇರುವುದು ಬಿಲ್ಲಿನದ್ದು. ಮಾರ್ಚ್ ಒಳಗೆ ಖರೀದಿ ಆಗಬೇಕು, ಕೊಟೇಶನ್ ಕೊಟ್ಟಾಗಿದೆ. ನಮ್ಮ ತಂಡದಲ್ಲಿ ಗೃಹರಕ್ಷಕ ದಳದ ಒಬ್ಬ ಅಣ್ಣ ಇದ್ದಾರೆ, ವಿಪತ್ತಿನ ಹೊತ್ತಿಗೆ ಸ್ವಯಂಸೇವಕರನ್ನು ತಯಾರು ಮಾಡುವ ಸರ್ಕಾರದ ಆಪದ ಮಿತ್ರ ತರಬೇತಿ ಆದವರು. ಮೆಷಿನ್ ಬಂದ ಮೇಲೆ ಅವರು ಕಲಿಸುತ್ತಾರೆ. ಕಲಿಯದವರ ಕೈಗೆ ಅದನ್ನು ಕೊಡುವುದಿಲ್ಲ ಅಂತ ಈಗಲೇ ತೀರ್ಮಾನ ಮಾಡಿದ್ದೇವೆ.

ಎಚ್ಚರಿಕೆ ಕೊಡಲು ಸೈರನ್ ಬೇಡ ಅಂತಾಯಿತು. ಮಂದಿರದ ಮೈಕ್, ಮಸೀದಿಯ ಮೈಕ್, ಚರ್ಚಿನ ಗಂಟೆ ಮೂರೂ ಇವೆ, ಮೂರೂ ಕಡೆಯವರು ಒಪ್ಪಿದ್ದಾರೆ. ಕರೆಂಟ್ ಹೋದರೆ ಮೈಕ್‌ಗೆ ಬ್ಯಾಟರಿ ಬೇಕು, ಅದೊಂದು ಬಾಕಿ.

ಬೇರೆ ವಾರ್ಡಿನವರು ಅರ್ಜಿ ಕೊಡುವುದಿದ್ದರೆ "ನೆರೆ ತಯಾರಿಗೆ ಸಹಾಯ ಮಾಡಿ" ಅಂತ ಮಾತ್ರ ಬರೆಯಬೇಡಿ. ಸಾಮಾನಿನ ಹೆಸರು, ಎಷ್ಟು ಬೇಕು, ಎಲ್ಲಿ ಇಡುತ್ತೀರಿ, ಯಾರ ಜವಾಬ್ದಾರಿ ಎಲ್ಲ ಬರೆಯಿರಿ, ವಾರ್ಡ್ ಸಭೆಯ ನಿರ್ಣಯದ ಪ್ರತಿ ಜೊತೆಗಿಡಿ, ಸೀಲ್ ಹಾಕಿದ ಸ್ವೀಕೃತಿ ಕೇಳಿ ತಗೊಳ್ಳಿ. ನಮ್ಮ ಅರ್ಜಿಯ ನಮೂನೆ ಬೇಕಾದವರು ಕೇಳಿ, ಕಳಿಸುತ್ತೇನೆ. ಜಿಲ್ಲಾ ಕಂಟ್ರೋಲ್ ರೂಮಿನ ನಂಬರ್ 1077, ಅದನ್ನು ಪಟ್ಟಿ ಮಾಡಿದ ಪ್ರತಿ ಮನೆಯ ಬಾಗಿಲ ಹಿಂದೆ ಅಂಟಿಸುವ ಕೆಲಸ ಬರುವ ಭಾನುವಾರ ಇದೆ.